ತುಟಿಗೆ ಅಂಟಿದ ಬದಿ

ಕಾಕಾನ ಕೆಳತುಟಿಯ ನಟ್ಟನಡುವೆ ಒಂದು ಬಿಳಿಯ ಗೀರಿತ್ತು. ಎಲೆಯಡಿಕೆ ಹಾಕಿ ಹಾಕಿ ತುಟಿಯೆಲ್ಲ ಕೆಂಪಾದರೂ ಆ ಗೀರೊಂದು ಬಣ್ಣ ಹಿಡಿಯುತ್ತಿರಲಿಲ್ಲ. ನೋಡಿದವರು ಹುಟ್ಟಿನಿಂದ ಬಂದದ್ದು ಅಂದುಕೊಳ್ಳುತ್ತಿದ್ದರು. ಅದು ಬಂದದ್ದು ಕಸುಬಿನಿಂದ. ಫಿಲ್ಮಿಗೆ ಒಂದು ಬದಿಯಲ್ಲಿ ಮಾತ್ರ ಚಿತ್ರ ಹಿಡಿಯುವ ಲೇಪ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾಕ್ಕೆ ಫಿಲ್ಮು ತುಂಬುವಾಗ ಆ ಬದಿ ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಹಳೆಯ ಕ್ಯಾಮೆರಾದವರು ಫಿಲ್ಮಿನ ತುದಿಯನ್ನು ತುಟಿಗೆ ಮುಟ್ಟಿಸಿ ನೋಡುತ್ತಿದ್ದರು. ಅಂಟಿದರೆ ಚಿತ್ರದ ಬದಿ, ಜಾರಿದರೆ ಬೆನ್ನು. ವರ್ಷಗಟ್ಟಲೆ ಫಿಲ್ಮಿನ ಅಂಚು ಕೊಯ್ದು ಕೊಯ್ದು ಆ ಗೀರು ಅಲ್ಲೇ ಮನೆ ಮಾಡಿತ್ತು.

"ಕಣ್ಣು ಸುಳ್ಳು ಹೇಳ್ತಾವ ಪೋರಿ, ತುಟಿ ಹೇಳಂಗಿಲ್ಲ. ಅಂಟಿದ್ದ ಖರೇ ಬಾಜು," ಎನ್ನುತ್ತಿದ್ದರು. ಸುಮ್ಮನಿರುವ ತುಟಿಯ ಮಾತು ಬೇರೆ, ಮಾತಾಡುವ ತುಟಿಯ ಮಾತು ಬೇರೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಯಾಕೆಂದರೆ ಹರಟೆಗೆ ಕೂತರೆ ಅವರಷ್ಟು ಸುಳ್ಳು ಹೇಳುವವರು ಕೊಲ್ಲಾಪುರದಲ್ಲಿ ಇನ್ನೊಬ್ಬರಿರಲಿಲ್ಲ. ಸ್ಟುಡಿಯೋದ ಆನೆ ತಮ್ಮ ಸಿಳ್ಳೆಗೆ ಮಾತ್ರ ಎದ್ದು ನಿಲ್ಲುತ್ತಿತ್ತಂತೆ. ಒಬ್ಬ ದೊಡ್ಡ ನಟಿಯ ಕಣ್ಣೀರು ತಾವೇ ಈರುಳ್ಳಿ ಹೆಚ್ಚಿ ತರಿಸಿದ್ದಂತೆ. ಕಾಕೂ, ಅಂದರೆ ಅವರ ಹೆಂಡತಿ, ಒಳಗಿನಿಂದಲೇ "ಆ ಆನೀ ಇವರನ್ನ ಕೆಡವಿತ್ತು, ಅದನ್ನೂ ಹೇಳ್ರಿ," ಎನ್ನುತ್ತಿದ್ದರು.

ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಅವರದು ಕೃಷ್ಣೆಯ ದಂಡೆಯ ಕುರುಂದವಾಡ, ನಮ್ಮದು ಅದರ ಹತ್ತಿರದ ದತ್ತವಾಡದ ಒಕ್ಕಲುತನದ ಜೈನರ ಮನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೈಯಲಿಕ್ಕೆ ಎರಡೂ. ನಾನು ಮುಂಬೈಯಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು, ಹೊರದೇಶದಲ್ಲಿ ಕಲಿತು ಬಂದಿದ್ದ ಒಬ್ಬ ಶಿಕ್ಷಕಿಯ ಹತ್ತಿರ ಹೊಸ ಬಗೆಯ ನೃತ್ಯ ಕಲಿತಿದ್ದೆ. ಅದರಲ್ಲಿ ಗೆಜ್ಜೆ ಇಲ್ಲ, ಕಥೆ ಇಲ್ಲ, ರಾಧೆ ಇಲ್ಲ, ಕೃಷ್ಣ ಇಲ್ಲ. ಮೈ ಬೀಳುತ್ತದೆ, ಏಳುತ್ತದೆ, ಅಷ್ಟೇ. ಅಂಥದ್ದನ್ನು ಕಲಿತವಳಿಗೆ ನಮ್ಮ ಕಡೆ ಯಾವ ಕೆಲಸ ಸಿಗಬೇಕು? ಗಡಹಿಂಗ್ಲಜದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರಾದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಹುಡುಗಿಯರಿಂದ ಒಂದು ನೃತ್ಯ ಮಾಡಿಸಿದೆ. ಹಾಡಿಲ್ಲ, ಬರೀ ಡೆಸ್ಕಿನ ಮೇಲೆ ಬೆರಳ ತಾಳ. ಮುಖ್ಯೋಪಾಧ್ಯಾಯಿನಿ ಮುಂದಿನ ಸಾಲಿನಿಂದಲೇ "ಗಾಣಂ ಕುಠಂಯ್?" ಎಂದು ಕೇಳಿದರು. ಹಾಡೆಲ್ಲಿ ಎಂದು. ಪಾಲಕರು ನಕ್ಕರು. ತೆರೆಯ ಹಿಂದೆ ನಾನು ತಪ್ಪು ಹೆಜ್ಜೆ ಹಾಕಿದ ಒಬ್ಬ ಹುಡುಗಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ, ಬಹುಮಾನದ ಫೋಟೋ ತೆಗೆಯಲು ಕೊಲ್ಲಾಪುರದಿಂದ ಬಂದಿದ್ದ ಮನುಷ್ಯ ಬಾಗಿಲಲ್ಲಿ ನಿಂತಿದ್ದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ನೀಲಿ ಗಾಜಿನ ಚೂರು, ಬಿಸಿಲನ್ನು ಅಳೆಯಲಿಕ್ಕೆ.

"ದತ್ತವಾಡದಾಕಿ ಏನ್ ನೀ? ಆ ಬೈಗುಳ ಆ ಕಡೀದ ಐತಿ."

"ಹೌದ್ರಿ."

"ಈ ಕುಣಿತ ಹಿಡೀಬೇಕು. ಈ ಫೋಟೋದಾಗ ಬರೂದಲ್ಲ ಇದು. ಓಡೂ ಫಿಲ್ಮಿನಾಗ ಬರಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

ಕೊಲ್ಲಾಪುರದ ಒಂದು ಹಳೆಯ ಸ್ಟುಡಿಯೋದಲ್ಲಿ ಅವರು ಕ್ಯಾಮೆರಾಮನ್. ಸಂತರು, ರಾಜರು, ತಮಾಶಾ ಆಟದಲ್ಲಿ ಕುಣಿಯುವ ಹೆಂಗಸರು, ಮೀಸೆ ತಿರುವುವ ಪಾಟೀಲರು, ಎಲ್ಲರನ್ನೂ ಹಿಡಿದ ಕೈ. ಆದರೆ ಎಲ್ಲವೂ ಇನ್ನೊಬ್ಬರು ಹೇಳಿದ್ದು, ಇನ್ನೊಬ್ಬರು ಬಯಸಿದ್ದು. ನಾನು ಅವರನ್ನು ಕಾಣುವ ಹೊತ್ತಿಗೆ ಕೆಲಸವೆಲ್ಲ ಮುಂಬೈಗೆ ಹೋಗಿ, ಸ್ಟುಡಿಯೋದಲ್ಲಿ ಉಳಿದದ್ದು ಧೂಳು ಮತ್ತು ಕಾಕಾನ ಸೊಂಟದ ಕೀಲಿಕೈ ಗೊಂಚಲು. "ಸಾಯೂದ್ರಾಗ ನಂದು ಅನ್ನೂ ಹಂತಾದ್ದು ಒಂದ ಪಿಕ್ಚರ್ ಇರ್ಲಿ. ಸಣ್ಣದಾದ್ರೂ ನಡೀತೈತಿ," ಎಂದರು. ನನ್ನ ಆಸೆಯೂ ಅಲ್ಲೇ ಬಂದು ಕೂಡಿತು. ಹಾಡುವವರಿಗೆ ರೆಕಾರ್ಡಿದೆ, ಬರೆಯುವವರಿಗೆ ಪುಸ್ತಕವಿದೆ, ಕುಣಿಯುವವಳು ತನ್ನ ಕುಣಿತವನ್ನು ತಾನೇ ಒಮ್ಮೆಯೂ ಕಂಡಿರುವುದಿಲ್ಲ. ನನಗೆ ನನ್ನನ್ನು ನೋಡಬೇಕಿತ್ತು. ಇದನ್ನು ಹೇಳಲು ಆಗ ನಾಚಿಕೆಯಾಗುತ್ತಿತ್ತು, ಈಗ ಇಲ್ಲ.

ಎಲ್ಲಿ ಕುಣಿಯುವುದು ಎಂಬುದನ್ನು ಕಾಕಾ ಮೊದಲೇ ನಿಶ್ಚಯಿಸಿದ್ದರು. ಇಚಲಕರಂಜಿಯಲ್ಲಿ ಆಗ ಒಂದು ಹೊಸ ನೂಲಿನ ಬಜಾರು ಕಟ್ಟಿ ಹಾಳು ಬಿಟ್ಟಿದ್ದರು. ದೂರದ ಊರಿನ ಕಲಿತ ಇಂಜಿನಿಯರು ಕಟ್ಟಿಸಿದ್ದು. ಎಲ್ಲ ಬರೀ ಕಾಂಕ್ರೀಟು, ಎರಕದ ಹಲಗೆಯ ಗುರುತು ಗೋಡೆಯ ಮೇಲೆ ಹಾಗೇ. ಅಂಗಡಿಗಳೆಲ್ಲ ದುಂಡಗೆ, ಮೇಲೆ ಚಾವಣಿಯಲ್ಲಿ ದುಂಡನೆಯ ಕಿಂಡಿಗಳು, ನಡುವೆ ಕಂಬವಿಲ್ಲದ ದೊಡ್ಡ ಅಂಗಳ. ಊರಿನ ಮುದುಕರು ದಿನಾ ಅದರ ಮುಂದೆ ಹಾದು "ಗಿಲಾವ ಯಾವಾಗ ಮಾಡ್ತಾರಂತ?" ಎಂದು ಕೇಳುತ್ತಿದ್ದರು. ಗಾರೆ ಬಳಿಯದ ಕಟ್ಟಡ ಅವರ ಲೆಕ್ಕದಲ್ಲಿ ಇನ್ನೂ ಮುಗಿದಿರಲಿಲ್ಲ. ವ್ಯಾಪಾರಿಗಳ ತಕರಾರು ಬೇರೆ. ದೀಪಾವಳಿ ಪಾಡ್ಯಕ್ಕೆ ಅಂಗಡಿಯ ಈಶಾನ್ಯ ಮೂಲೆಯಲ್ಲಿ ಲಕ್ಷ್ಮಿಯನ್ನು ಕೂಡಿಸಬೇಕು. ದುಂಡಗಿನ ಅಂಗಡಿಯಲ್ಲಿ ಮೂಲೆಯೇ ಇಲ್ಲವಲ್ಲ! "ಮೂಲಿ ಇಲ್ಲದ ಅಂಗಡ್ಯಾಗ ಲಕ್ಷ್ಮಿ ಎಲ್ಲಿ ಕೂಡಬೇಕ್ರೀ?" ಎಂದು ಒಬ್ಬೊಬ್ಬರೇ ಹಳೆಯ ಓಣಿಗೆ ಮರಳಿದರು. ಉಳಿದವರು ಪಾರಿವಾಳ ಮತ್ತು ಒಬ್ಬ ಕಾವಲುಗಾರ.

"ಯಾರಿಗೂ ಬ್ಯಾಡಾದ ಕಟ್ಟಡ, ಯಾರಿಗೂ ತಿಳೀದ ಕುಣಿತ, ಕೆಲಸ ಇಲ್ಲದ ಕ್ಯಾಮೆರಾ," ಎಂದು ಕಾಕಾ ಕಣ್ಣು ಮಿಟುಕಿಸಿದರು. "ಮೂರೂ ಒಂದ ಪಂಕ್ತ್ಯಾಗ ಊಟಕ್ಕ ಕೂಡಸೋಣು."

ಸಂಗೀತದ ಮಾತು ಬಂತು. ಮುಂಬೈಯ ಶಿಕ್ಷಕಿ ಒಂದು ಟೇಪು ಕೇಳಿಸಿದ್ದನ್ನು ಅವರಿಗೆ ಹೇಳಿದೆ. ಅದರಲ್ಲಿ ವಾದ್ಯವೇ ಇರಲಿಲ್ಲ, ವಿದ್ಯುತ್ತಿನ ಯಂತ್ರದಿಂದಲೇ ಹುಟ್ಟಿಸಿದ ನಾದ. ಕಾಕಾ ಸ್ವಲ್ಪ ಹೊತ್ತು ಅಡಿಕೆ ಅಗಿದರು. ಮರುವಾರ ನನ್ನನ್ನು ಸ್ಟುಡಿಯೋದ ಧ್ವನಿಕೋಣೆಗೆ ಕರೆದೊಯ್ದರು. ಅಲ್ಲಿ ರೆಕಾರ್ಡಿಂಗ್ ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇಟ್ಟ ಒಂದು ಪೆಟ್ಟಿಗೆ ಇತ್ತು. ಗುಂಡಿ ತಿರುವಿದರೆ ಕೂಂ ಎನ್ನುತ್ತದೆ, ಇನ್ನಷ್ಟು ತಿರುವಿದರೆ ಕೀಂ ಎನ್ನುತ್ತದೆ. ಕಾಕಾ ಅದರ ಕೂಂ ಅನ್ನು ಸ್ಪೂಲ್ ಟೇಪಿನಲ್ಲಿ ಹಿಡಿದು, ಫಿಲ್ಮು ಕತ್ತರಿಸಿದ ಹಾಗೆ ಬ್ಲೇಡಿನಿಂದ ಟೇಪನ್ನು ತುಂಡು ಮಾಡಿ, ಹಿಂದುಮುಂದಾಗಿ ಅಂಟಿಸಿದರು. ಇಚಲಕರಂಜಿಯ ಪವರ್‌ಲೂಮಿನ ಖಟಪಟ ಸೇರಿಸಿ, ಅದನ್ನು ಅರ್ಧ ವೇಗದಲ್ಲಿ ಓಡಿಸಿದರು. ನೆಲದೊಳಗಿನಿಂದ ಯಾರೋ ಉಸಿರಾಡಿದ ಹಾಗೆ ಕೇಳಿಸಿತು. ಕಾಕೂಗೆ ಕೇಳಿಸಿದಾಗ "ಇದೇನ್ರೀ, ಹಿಟ್ಟಿನ ಗಿರಣಿ ಕೆಟ್ಟಂಗ ಐತಿ," ಎಂದರು. ಕಾಕಾ ಎರಡು ದಿನ ಅವರೊಡನೆ ಮಾತಾಡಲಿಲ್ಲ.

ಕಚ್ಚಾ ಫಿಲ್ಮು ಕೊಳ್ಳುವುದು ನಮ್ಮ ಕೈಗೆ ಎಟುಕುವ ಮಾತಾಗಿರಲಿಲ್ಲ. ದೊಡ್ಡ ಚಿತ್ರಗಳ ಶೂಟಿಂಗಿನಲ್ಲಿ ರೀಲಿನ ಕೊನೆಗೆ ಉಳಿಯುವ ಚಿಕ್ಕ ತುಂಡುಗಳನ್ನು ಕಾಕಾ ಕಪ್ಪು ಕಾಗದದಲ್ಲಿ ಸುತ್ತಿ ವರ್ಷಗಳಿಂದ ಕೂಡಿಟ್ಟಿದ್ದರು. ಎಲ್ಲ ಕಪ್ಪುಬಿಳುಪು. ಲೆಕ್ಕದ ಪುಸ್ತಕದಲ್ಲಿ ಅವು ಸ್ಟುಡಿಯೋದವು, ಕಾಕಾನ ಮನಸ್ಸಿನಲ್ಲಿ ಕಾಕಾನವು. ಒಂದೊಂದು ತುಂಡಿನಲ್ಲಿ ಒಂದು ಮೈ ಬೀಳುವುದು, ಒಂದು ಮೈ ಏಳುವುದು, ಅಷ್ಟು ಹಿಡಿಸುತ್ತಿತ್ತು. ಹಾಗಾಗಿ ನೃತ್ಯವನ್ನೂ ತುಂಡು ಮಾಡಿಕೊಂಡೆ. ಭಾನುವಾರ ಗಡಹಿಂಗ್ಲಜದಿಂದ ನಾನು ಬಸ್ಸಿನಲ್ಲಿ ಬರುತ್ತಿದ್ದೆ, ಕೊಲ್ಲಾಪುರದಿಂದ ಅವರು ಚಾವಿ ಕೊಡುವ ಹಳೆಯ ಕ್ಯಾಮೆರಾವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಕ್ಯಾಮೆರಾಕ್ಕೆ ಕುಂಕುಮ ಹಚ್ಚದೆ ಕೆಲಸ ಶುರುವಿಲ್ಲ. ಅಮಾವಾಸ್ಯೆಯ ಭಾನುವಾರ ಶೂಟಿಂಗೇ ಇಲ್ಲ. ಎಷ್ಟು ಜಗಳವಾಡಿದರೂ ಅದೊಂದು ಬಗ್ಗಲಿಲ್ಲ.

"ಕರೀದ ಉಡು," ಎಂದರು. "ಬಿಸಲು ನಿನ್ನ ಮ್ಯಾಲ ಬ್ಯಾಡ, ನಿನ್ನ ಸುತ್ತ ಬೀಳ್ಲಿ." ಸಂಕ್ರಾಂತಿಗೆ ಉಡುವ ಅವ್ವನ ಕರೀ ಚಂದ್ರಕಳಾ ಸೀರೆಯನ್ನು ಕಚ್ಚೆ ಹಾಕಿ ಉಟ್ಟೆ. ನಡುಹಗಲಲ್ಲಿ ಚಾವಣಿಯ ಕಿಂಡಿಗಳಿಂದ ಬಿಸಿಲು ತಟ್ಟೆ ತಟ್ಟೆಯಾಗಿ ನೆಲಕ್ಕೆ ಬೀಳುತ್ತಿತ್ತು. ಟೇಪು ಕೂಂ ಎನ್ನುತ್ತಿತ್ತು, ಕಾಂಕ್ರೀಟು ಅದನ್ನು ನುಂಗಿ ಇನ್ನಷ್ಟು ದಪ್ಪ ಮಾಡಿ ಉಗುಳುತ್ತಿತ್ತು. ಆ ಕಟ್ಟಡ ಅದಕ್ಕಾಗಿಯೇ ಹುಟ್ಟಿದೆ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಬರಿಯ ಕಾಂಕ್ರೀಟಿನ ಮೇಲೆ ಮತ್ತೆ ಮತ್ತೆ ಬೀಳುತ್ತಿದ್ದೆ. ಬಲಮೊಣಕಾಲು ಬಾತುಕೊಳ್ಳುತ್ತಿತ್ತು, ಅರಿಶಿನದ ಪಟ್ಟಿ ಕಟ್ಟಿಕೊಂಡು ಮತ್ತೆ ಬೀಳುತ್ತಿದ್ದೆ.

ಒಂದು ದಿನ ಪಾಳಿ ಬಿಟ್ಟ ಲೂಮಿನ ಕೆಲಸಗಾರರು ಗುಂಪಾಗಿ ನಿಂತು ನೋಡುತ್ತಿದ್ದರು. ನಾನು ನೆಲಕ್ಕೆ ಬಿದ್ದು ತಲೆ ತಿರುಗಿಸಿದ್ದೇ ತಡ, ಗುಂಪಿನಿಂದ ಒಬ್ಬ ಮುದುಕಿ ಸೀದಾ ಒಳಗೆ ಬಂದಳು. ಅವಳ ಕೈಯಲ್ಲಿ ಲಿಂಬೆಹಣ್ಣು. ನನ್ನ ಸುತ್ತ ನಿವಾಳಿಸಿ, ಕಾಲಿಗೆ ಹಣೆ ಹಚ್ಚಿ, "ಯಾವ ತಾಯಿ ಬಂದೀಯವ್ವಾ? ಏನ್ ಬೇಕ ಹೇಳು," ಎಂದಳು. ನನ್ನ ಮೈಮೇಲೆ ದೇವಿ ಬಂದಿದ್ದಾಳೆ ಎಂದೇ ಅವಳ ನಂಬಿಕೆ. ಏನು ಹೇಳಲಿ? ಕಾಕಾ ಕ್ಯಾಮೆರಾ ನಿಲ್ಲಿಸಲಿಲ್ಲ. ತುಂಡು ಮುಗಿದು ಫಿಲ್ಮು ಕಟಕಟ ಎಂದ ಮೇಲೆ ತಲೆ ಎತ್ತಿ, "ನಿನ್ನ ಕುಣಿತ ತಿಳದಾಕಿ ಈಕಿ ಒಬ್ಬಾಕೀನ ನೋಡು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಬಿಸಿಲು ಎಂದು ಸುಳ್ಳು ಹೇಳಿದರು.

ಸ್ಟುಡಿಯೋದ ತೊಟ್ಟಿಯಲ್ಲಿ ಕಾಕಾ ತಾವೇ ನೆಗೆಟಿವ್ ತೊಳೆದರು. ಅದರಿಂದ ಪ್ರಿಂಟು ತೆಗೆಯುವ ಯಂತ್ರ ಮುಂಬೈಗೆ ಮಾರಿಹೋಗಿತ್ತು. ಹಾಗಾಗಿ ನಾನು ನನ್ನನ್ನು ನೋಡಿದ್ದು ನೆಗೆಟಿವಿನಲ್ಲಿ, ಫಿಲ್ಮಿನ ತುಂಡು ಜೋಡಿಸುವ ಯಂತ್ರದ ಅಂಗೈಯಗಲದ ಗಾಜಿನಲ್ಲಿ, ಒಂದೇ ಒಂದು ಸಲ. ಎಲ್ಲ ತಿರುವುಮುರುವು. ಬಿಸಿಲು ಬಿದ್ದ ಕಟ್ಟಡ ಕಾಡಿಗೆಯಷ್ಟು ಕಪ್ಪು. ಕರೀ ಸೀರೆಯ ನಾನು ಹಾಲಿನಷ್ಟು ಬಿಳಿ. ಕೂದಲೂ ಬಿಳಿ. "ಅಯ್ಯ, ಮುದುಕಿ ಆಗೇನಲ್ರೀ ಕಾಕಾ," ಎಂದೆ. ಆದರೆ ಮುದುಕಿ ಬಿದ್ದಳು, ಎದ್ದಳು, ಆ ಕಪ್ಪಿನ ತುಂಬ ಓಡಾಡಿದಳು. ನಾನು ಅತ್ತೆ. ಚೆನ್ನಾಗಿ ಕುಣಿದಿದ್ದೆ. ಅದು ನನಗೆ ಅವತ್ತೇ ಗೊತ್ತಾದದ್ದು.

ಕಾಕಾ ಗಾಜಿನ ಮೇಲೆ ಉಗುರಿಟ್ಟು ತೋರಿಸಿದರು. "ಕರ್ರಗ ಕಾಣತೈತಲ್ಲ, ಅದೆಲ್ಲಾ ಬೆಳ್ಳಿ. ಬೆಳಕು ಬಿದ್ದಲ್ಲೆ ಬೆಳ್ಳಿ ಗಟ್ಟಿ ಆಗತೈತಿ. ನೀ ಇದ್ದಲ್ಲೆ ಬೆಳ್ಳಿ ಇಲ್ಲ, ಬರೇ ಬಯಲು. ಅದಕ್ಕ ಬೆಳಕು ನಿನ್ನೊಳಗಿಂದ ದಾಟಿ ಬರ್ತೈತಿ."

ಮುಂಬೈಯಲ್ಲಿ ಪ್ರಿಂಟು ಮಾಡಿಸುವ ತನಕ ನೆಗೆಟಿವ್ ಜೋಪಾನವಾಗಬೇಕು. ಕಾಕಾನ ಮನೆ ಒಂದೇ ಕೋಣೆ, ಒಲೆಯ ಬಿಸಿಗೆ ಫಿಲ್ಮು ಕೆಡುತ್ತದೆ. ಸ್ಟುಡಿಯೋದ ಕಲ್ಲಿನ ಗೋದಾಮು ತಣ್ಣಗಿತ್ತು. ಆದರೆ ತುಂಡುಗಳು ಮಾಲಕರ ಕಣ್ಣಿಗೆ ಬೀಳಬಾರದು. ಕಾಕಾ ಒಂದು ಉಪಾಯ ಮಾಡಿದರು. ಹಿಂದೆಂದೋ ತೆಗೆದು ಮೂಲೆಗೆ ಬಿದ್ದಿದ್ದ ಒಬ್ಬ ಸಂತರ ಚಿತ್ರದ ಡಬ್ಬಿ ಇತ್ತು. ಪ್ರತಿ ದಸರೆಗೆ ಸ್ಟುಡಿಯೋದವರು ಕ್ಯಾಮೆರಾ, ದೀಪಗಳ ಜೊತೆ ಆ ಡಬ್ಬಿಗೂ ಹೂವು ಏರಿಸಿ ಕೈಮುಗಿಯುತ್ತಿದ್ದರು. ಕೆಟ್ಟುಹೋದ ಹಳೆಯ ರೀಲು ತೆಗೆದು ನಮ್ಮ ನೆಗೆಟಿವನ್ನೂ, ಕೂಂ ಎನ್ನುವ ಟೇಪನ್ನೂ ಅದರಲ್ಲಿಟ್ಟರು. "ಚಿತ್ರ, ಸಪ್ಪಳ ಅಂದ್ರ ಗಂಡ ಹೆಂಡತಿ ಇದ್ದಂಗ, ಒಂದ ಮನ್ಯಾಗ ಇರ್ಲಿ. ಸಂತ ಮಹಾರಾಜರ ಡಬ್ಬಿಗೆ ಕೊಲ್ಲಾಪುರದಾಗ ಯಾರ ಕೈ ಹಚ್ಚತಾರ?" ಎಂದರು. ನನಗೂ ಆ ಮಾತು ಸರಿಯೆನಿಸಿತು.

ಅವರು ಲೆಕ್ಕ ಹಾಕದೆ ಇದ್ದದ್ದು ಬೆಳ್ಳಿಯವರನ್ನು. ನಮ್ಮ ಕಡೆ ಬೆಳ್ಳಿಯ ಕೆಲಸ ಮನೆಮನೆಯ ಕಸುಬು. ಹಳೆಯ ಕಪ್ಪುಬಿಳುಪು ಫಿಲ್ಮು ಸಿಕ್ಕರೆ ಅದನ್ನು ರಸಾಯನದಲ್ಲಿ ತೊಳೆದು ಬೆಳ್ಳಿ ಬಸಿದುಕೊಳ್ಳುವವರು ಇದ್ದರು. ಫಿಲ್ಮು ಹಳೆಯದಾದಷ್ಟೂ ಬೆಳ್ಳಿ ಹೆಚ್ಚು ಎಂದು ಅವರ ಅನುಭವ. ಹೂವು ಏರಿಸಿಕೊಂಡು ಕೂತ ಸಂತರ ಡಬ್ಬಿಯೇ ಅವರ ಕಣ್ಣಿಗೆ ಮೊದಲು ಬೀಳುವಂಥದ್ದು.

ಪ್ರಿಂಟು ಈ ವರ್ಷ, ಮುಂದಿನ ವರ್ಷ ಎಂದು ಮುಂದೆ ಹೋಯಿತು. ಅಷ್ಟರಲ್ಲಿ ನನ್ನ ಮೊಣಕಾಲು ಮಡಚದೆ ನಿಂತಿತು. ಮಿರಜದ ಡಾಕ್ಟರು ಎಕ್ಸ್‌ರೇ ನೋಡಿ "ಯಾವ ನೆಲದ ಮ್ಯಾಲ ಕುಣದೀರಿ ಬಾಯೀ?" ಎಂದು ಕೇಳಿದರು. ಆಪರೇಷನ್ ಆಯಿತು. ನಡೆಯಬಹುದು, ಕುಣಿಯುವ ಮಾತಿಲ್ಲ. ಕಾಕಾ ನೋಡಲು ಬಂದವರು ಮಂಚದ ಪಕ್ಕ ಕೂತು ನನ್ನ ಕಾಲನ್ನೇ ನೋಡುತ್ತಿದ್ದರು. "ಹಿಡಿದಿಟ್ಟೇವಲ್ಲ ಪೋರಿ. ಡಬ್ಬ್ಯಾಗ ಐತಿ," ಎಂದರು. ನನಗೂ ಇದ್ದ ಆಸರೆ ಅದೊಂದೇ.

ಆ ಮಳೆಗಾಲದಲ್ಲಿ ಕಾಕಾ ಅಣ್ಣನನ್ನು ನೋಡಲು ಕುರುಂದವಾಡಕ್ಕೆ ಹೋದರು. ಕೃಷ್ಣೆ ಏರಿದಳು, ದಾರಿಯೆಲ್ಲ ನೀರು, ಊರು ನಡುಗಡ್ಡೆ. ಇತ್ತ ಪಂಚಗಂಗೆಯೂ ಉಕ್ಕಿ ಕೊಲ್ಲಾಪುರದ ಓಣಿಗಳಿಗೆ ಬಂತು. ಗೋದಾಮಿಗೆ ನೀರು ನುಗ್ಗೀತು ಎಂಬ ಹೆದರಿಕೆಗೆ ಮಾಲಕರು ಇದ್ದಬದ್ದ ಡಬ್ಬಿಗಳನ್ನೆಲ್ಲ ತೂಕಕ್ಕೆ ಹಾಕಿ ಬೆಳ್ಳಿಯವರಿಗೆ ಕೊಟ್ಟುಬಿಟ್ಟರು. ಸಂತರ ಡಬ್ಬಿಗೆ ಮಾತ್ರ ಕೈಮುಗಿದು ಕೊಟ್ಟರಂತೆ. ನೀರು ಗೋದಾಮಿನ ಮೆಟ್ಟಿಲನ್ನೂ ಮುಟ್ಟಲಿಲ್ಲ.

ದಾರಿ ತೆರೆದ ಕೂಡಲೇ ಕಾಕಾ ಬೆಳ್ಳಿ ತೊಳೆಯುವ ಶೆಡ್ಡು ಹುಡುಕಿಕೊಂಡು ಹೋದರು. ಅಲ್ಲಿಂದ ಸೀದಾ ಗಡಹಿಂಗ್ಲಜಕ್ಕೆ ನನ್ನ ಕೋಣೆಗೆ ಬಂದರು. ಕೊರಳಲ್ಲಿ ನೀಲಿ ಗಾಜು ಇರಲಿಲ್ಲ. ಅಂಗಿಯ ಕಿಸೆಯಿಂದ ಗೇಣುದ್ದದ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಹಾಗೆ ತಿಳಿ, ಅಂಚಿಗೆ ತೂತುಗಳ ಸಾಲು, ಒಳಗೆ ಏನೂ ಇಲ್ಲ.

"ಇದು ನಮ್ಮದ ಏನ್ರೀ ಕಾಕಾ?"

"ಯಾರಿಗ್ ಗೊತ್ತು? ತೊಳದ ಮ್ಯಾಲ ಎಲ್ಲಾ ಒಂದ. ಟೇಪಿನಾಗ ಬೆಳ್ಳಿ ಇರಂಗಿಲ್ಲಲ್ಲ, ಅದನ್ನ ಮಳ್ಯಾಗ ಒಗದಿದ್ರು." ಪಟ್ಟಿಯನ್ನು ಹೊರಳಿಸಿ ಇಟ್ಟರು. "ತುಟಿಗೆ ಹಚ್ಚಿ ನೋಡಿದ್ನಿ. ಎರಡೂ ಬಾಜು ಜಾರತೈತಿ."

ಹೊರಗೆ ಶಾಲೆಯ ಅಂಗಳದಲ್ಲಿ ಹುಡುಗಿಯರು ಲೇಜಿಮ್ ಅಭ್ಯಾಸ ಮಾಡುತ್ತಿದ್ದರು, ನಾನು ಕುರ್ಚಿಯ ಮೇಲೆ ಕೂತು ಕಲಿಸುತ್ತಿದ್ದದ್ದು. ಏಳುವಾಗ ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟರು. "ನೀ ಕರೀದ ಉಟ್ಟಿದ್ದಿ. ನೀ ಇದ್ದಲ್ಲೆ ಬೆಳ್ಳಿ ಇರ್ಲಿಲ್ಲ. ಅವರು ಒಯ್ದದ್ದೆಲ್ಲಾ ಕಟ್ಟಡದ ಬೆಳ್ಳಿ. ನಿಂದೇನೂ ಒಯ್ದಿಲ್ಲ." ಸಮಾಧಾನಕ್ಕೆ ಹೇಳಿದ ಮಾತು. ಹೇಳಿದವರಿಗೂ ಕೇಳಿದವಳಿಗೂ ಅದರಿಂದ ಸಮಾಧಾನ ಆಗಲಿಲ್ಲ.

ಆಮೇಲೆ ಅವರು ಕ್ಯಾಮೆರಾ ಮುಟ್ಟಲಿಲ್ಲ. ಮದುವೆಯ ಫೋಟೋಕ್ಕೆ ಕರೆದರೂ ಹೋಗಲಿಲ್ಲ. ಸುಳ್ಳು ಹೇಳುವುದನ್ನೂ ಬಿಟ್ಟರು. ಕಾಕೂ ಒಮ್ಮೆ ನನ್ನ ಎದುರಿಗೇ "ಆ ಆನೀ ಕತಿಯಾದ್ರೂ ಹೇಳ್ರಿ," ಎಂದು ಕೇಳಿಕೊಂಡರು. "ಯಾವ ಆನಿ?" ಎಂದು ಗೋಡೆಯ ಕಡೆ ತಿರುಗಿದರು. ಇಚಲಕರಂಜಿಯ ಬಜಾರಿಗೆ ಕೊನೆಗೂ ಗಿಲಾವ ಆಯಿತು. ಕಿಂಡಿಗಳಿಗೆ ತಗಡು ಹೊಡೆದರು, ದುಂಡಗಿನ ಅಂಗಡಿಗಳ ಒಳಗೆ ಇಟ್ಟಿಗೆಯ ಗೋಡೆ ಎಬ್ಬಿಸಿ ಮೂಲೆ ಮಾಡಿದರು, ಹಳದಿ ಸುಣ್ಣ ಬಳಿದರು. ಲಕ್ಷ್ಮಿಗೆ ಕೂಡಲು ಜಾಗ ಸಿಕ್ಕಿತು. ಕಾಕಾನಿಗೆ ನಾನದನ್ನು ಹೇಳಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು.

ಅವರು ಹೋದ ಸುದ್ದಿ ಶಾಲೆಗೆ ಬಂತು. ನಾನು ಕೊಲ್ಲಾಪುರ ಮುಟ್ಟುವಾಗ ಮಧ್ಯಾಹ್ನ. ಅಂಗಳದಲ್ಲಿ ಮಲಗಿಸಿದ್ದರು. ಬಂದವರು ಒಬ್ಬೊಬ್ಬರೇ ತುಳಸಿ ಎಲೆಯಿಂದ ಬಾಯಿಗೆ ನೀರು ಬಿಡುತ್ತಿದ್ದರು. ನಮ್ಮ ಮನೆಗಳಲ್ಲಿ ಆ ಪದ್ಧತಿ ಇಲ್ಲ. ನಾನು ಹಿಂದೆ ನಿಂತಿದ್ದನ್ನು ಕಂಡು ಕಾಕೂ "ನೀನೂ ಬಿಡವ್ವಾ. ಮಗಳ ಹಂಗ ಇದ್ದೀ," ಎಂದರು. ಮೊಣಕಾಲು ಮಡಚುವುದಿಲ್ಲವಲ್ಲ, ಬಲಗಾಲು ಉದ್ದ ಚಾಚಿ ನೆಲಕ್ಕೆ ಕೂತು ಬಾಗಿದೆ. ಎಲೆಯಡಿಕೆಯ ಕೆಂಪು ಹೋಗಿ ತುಟಿಯೆಲ್ಲ ಬೆಳ್ಳಗಾಗಿತ್ತು. ಆ ಗೀರು ಎಲ್ಲಿತ್ತೆಂದು ಹುಡುಕಬೇಕಾಯಿತು. ಹನಿ ಬಿಟ್ಟು ಕೈ ತೆಗೆದರೆ ಎಲೆ ಬರಲಿಲ್ಲ. ತುಟಿಗೆ ಅಂಟಿಕೊಂಡಿತ್ತು.

ಕಾಕೂ ತೆಗೆಯಲು ಕೈ ಚಾಚಿದರು.

"ಇರ್ಲಿ ಬಿಡ್ರಿ ಕಾಕೂ," ಎಂದೆ.